ನಮ್ಮ ಆಂಟಿಬಾಡಿಗಳ ಹಿಂದೆ ಒಂದು ಜಿಗಿಯುವ ಜೀನ್: ರೋಗನಿರೋಧಕ ಶಕ್ತಿ ಬಂದದ್ದು ಎಲ್ಲಿಂದ?

2025ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಘೋಷಣೆಯಾಯಿತು. ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಪ್ರಶಸ್ತಿ ಹಂಚಿಕೊಂಡರು. ಅವರ ಸಂಶೋಧನೆ ರೋಗಾಣುಗಳನ್ನು ಕೊಲ್ಲುವುದರ ಬಗ್ಗೆ ಅಲ್ಲ. ಕೊಲ್ಲುವ ಕೋಶಗಳು ನಮ್ಮ ಮೈ ಮೇಲೆಯೇ ತಿರುಗಿ ಬೀಳದಂತೆ ಹಿಡಿದಿಡುವ ಇನ್ನೊಂದು ಬಗೆಯ ಕೋಶಗಳ ಬಗ್ಗೆ.

ಸುದ್ದಿ ಓದಿದ ಎಷ್ಟೋ ಜನರಿಗೆ ಒಂದು ಅನುಮಾನ ಬಂದಿರುತ್ತದೆ. ನಮ್ಮನ್ನು ಕಾಯಬೇಕಾದ ವ್ಯವಸ್ಥೆ ನಮ್ಮನ್ನೇ ಯಾಕೆ ಹೊಡೆಯಬೇಕು? ಟೈಪ್-1 ಡಯಾಬಿಟಿಸ್, ಲೂಪಸ್, ರುಮಟಾಯ್ಡ್ ಸಂಧಿವಾತ ಎಲ್ಲವೂ ಇದೇ ಜಾತಿಯ ಕಾಯಿಲೆಗಳು. ಇಷ್ಟು ಅಪಾಯದ ಏರ್ಪಾಡು ನಮಗೆ ಬಂದದ್ದಾದರೂ ಹೇಗೆ? ಇದಕ್ಕೆ ಉತ್ತರ ಸಿಗುವುದು ಆಸ್ಪತ್ರೆಯಲ್ಲಲ್ಲ, ಸುಮಾರು 50 ಕೋಟಿ ವರ್ಷ ಹಿಂದಿನ ಸಮುದ್ರದಲ್ಲಿ.

ರಕ್ಷಣೆ ಒಂದಲ್ಲ, ಎರಡು

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ರೋಗನಿರೋಧಕ ಶಕ್ತಿ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಿಜದಲ್ಲಿ ಎರಡು ವ್ಯವಸ್ಥೆಗಳು.

ಒಂದು ಹುಟ್ಟಿನಿಂದಲೇ ಬರುವುದು. ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುವುದು, ಕೀವು ಕಟ್ಟುವುದು ಇದರ ಕೆಲಸ. ಇದು ಗಂಟೆಗಳಲ್ಲೇ ಶುರುವಾಗುತ್ತದೆ. ಆದರೆ ಗುರುತಿಸುವುದು ಕೆಲವು ಸಾಮಾನ್ಯ ಲಕ್ಷಣಗಳನ್ನು ಮಾತ್ರ: ಬ್ಯಾಕ್ಟೀರಿಯಾದ ಹೊರಗೋಡೆ, ವೈರಸ್ಸಿನ ಆರ್‌ಎನ್‌ಎ, ಹೀಗೆ.

ಇನ್ನೊಂದು ಕಲಿತು ಗಳಿಸುವುದು. ಬಿ-ಕೋಶ, ಟಿ-ಕೋಶ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳು ಇದನ್ನು ನಡೆಸುತ್ತವೆ. ಬಿ-ಕೋಶಗಳು ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್, ತಯಾರಿಸುತ್ತವೆ. ಟಿ-ಕೋಶಗಳಲ್ಲಿ ಕೆಲವು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುತ್ತವೆ, ಕೆಲವು ಉಳಿದವರಿಗೆ ಸೂಚನೆ ಕೊಡುತ್ತವೆ. ಮೊದಲ ಸಲ ಇದು ನಿಧಾನ, ವಾರವೇ ಹಿಡಿಯಬಹುದು. ಆದರೆ ಒಮ್ಮೆ ಕಂಡ ರೋಗಾಣುವನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ದಡಾರ ಬಂದವರಿಗೆ ಮತ್ತೆ ಬರುವುದಿಲ್ಲ ಅನ್ನುತ್ತಾರಲ್ಲ, ಅದು ಈ ನೆನಪಿನಿಂದ. ಲಸಿಕೆ ಕೆಲಸ ಮಾಡುವುದೂ ಇದರಿಂದಲೇ.

ಹಳೆಯ ರಕ್ಷಣೆ: ಗುಲಾಬಿ ಮುಳ್ಳು ಮತ್ತು ಬೂಸ್ಟು ಹಿಡಿದ ನೊಣ

ಹುಟ್ಟುರಕ್ಷಣೆ ತುಂಬಾ ಹಳೆಯದು. ಅದನ್ನು ಮೊದಲು ಕಣ್ಣಾರೆ ಕಂಡವರು ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಅವರು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಇವರು ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡುವ ಕೋಶಗಳೂ ಕಾಣುತ್ತವೆ. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಯ ಚರ್ಮದೊಳಗೆ ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಓಡಾಡುವ ಕೋಶಗಳೆಲ್ಲ ಬಂದು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ನಮ್ಮ ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಆಗುವುದೂ ಇದೇ. ಈ ಕೆಲಸಕ್ಕೆ ಅವರಿಗೆ 1908ರಲ್ಲಿ ನೊಬೆಲ್ ಬಂತು.

ನಕ್ಷತ್ರಮೀನಿಗೆ ಬೆನ್ನೆಲುಬಿಲ್ಲ, ಆಂಟಿಬಾಡಿಯೂ ಇಲ್ಲ. ಆದರೂ ನುಂಗುವ ಕೋಶಗಳಿವೆ. ಅಂದ್ರೆ ಈ ಕೋಶಗಳು ಬೆನ್ನೆಲುಬಿಗಿಂತ ಹಳೆಯವು.

ಆ ಕೋಶಗಳು ರೋಗಾಣುವನ್ನು ಗುರುತಿಸುವುದು ಹೇಗೆ ಎಂಬುದು ತಿಳಿಯಲು ಮತ್ತೆ ನೂರು ವರ್ಷ ಬೇಕಾಯಿತು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ಹಣ್ಣುನೊಣಗಳಲ್ಲಿ 'ಟೋಲ್' ಎಂಬ ಒಂದು ಜೀನ್ ಕೆಟ್ಟಿದ್ದರೆ ಏನಾಗುತ್ತದೆ ಎಂದು ನೋಡಿತು. ನೊಣಗಳ ಮೈಮೇಲೆಲ್ಲ ಬೂಸ್ಟು ಬೆಳೆದು ಅವು ಸತ್ತವು. ಎರಡು ವರ್ಷದ ಬಳಿಕ ಅಮೆರಿಕದ ಬ್ರೂಸ್ ಬ್ಯೂಟ್ಲರ್ ಇಲಿಗಳಲ್ಲಿ ಇದೇ ಕುಟುಂಬದ ಜೀನ್ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡುತ್ತದೆ ಎಂದು ತೋರಿಸಿದರು. ಮನುಷ್ಯರಲ್ಲಿ ಈ ಟೋಲ್ ಬಗೆಯ ಜೀನ್‌ಗಳು 10. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯಲ್ಲಿ? 2006ರಲ್ಲಿ ಅದರ ಜೀನೋಮ್ ಓದಿದಾಗ 222 ಸಿಕ್ಕವು! ಆ ಬಳಗದ ಕೆಲವು ಜಾತಿಗಳು ನೂರು ವರ್ಷ ಬದುಕುತ್ತವೆ, ಒಂದೇ ಒಂದು ಆಂಟಿಬಾಡಿ ಇಲ್ಲದೆ. ಹಾಗಾಗಿ ಹುಟ್ಟುರಕ್ಷಣೆ ಅಂದರೆ ಏನೋ ಕಡಿಮೆ ದರ್ಜೆಯದು ಅಂದುಕೊಳ್ಳಬೇಡಿ. ಭೂಮಿಯ ಬಹುಪಾಲು ಪ್ರಾಣಿಗಳು ಅದೊಂದರಲ್ಲೇ ಬದುಕಿವೆ.

ಇನ್ನೂ ಹುಟ್ಟದ ವೈರಸ್ಸಿಗೂ ಆಂಟಿಬಾಡಿ

ಇನ್ನು ಎರಡನೆಯ ವ್ಯವಸ್ಥೆ. 2019ಕ್ಕೆ ಮುಂಚೆ ಯಾವ ಮನುಷ್ಯನ ದೇಹವೂ ಕೋವಿಡ್ ವೈರಸ್ ಕಂಡಿರಲಿಲ್ಲ. ಆದರೂ ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಅದಕ್ಕೆ ಸರಿಯಾಗಿ ಅಂಟುವ ಆಂಟಿಬಾಡಿಗಳು ರಕ್ತದಲ್ಲಿ ಬಂದವು. ಹೇಗೆ?

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಒಟ್ಟು 20,000ದ ಆಸುಪಾಸು. ನಾವು ತಯಾರಿಸಬಲ್ಲ ಆಂಟಿಬಾಡಿಗಳೋ ಕೋಟಿಗಟ್ಟಲೆ. ಒಂದು ಆಂಟಿಬಾಡಿಗೆ ಒಂದು ಜೀನ್ ಅಂತ ಲೆಕ್ಕ ಹಾಕಿದರೆ ಕೂಡಿ ಬರುವುದೇ ಇಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು 1976ರಲ್ಲಿ ಸುಸುಮು ಟೊನೆಗಾವಾ. ಅವರು ಇಲಿಯ ಭ್ರೂಣದ ಡಿಎನ್‌ಎ ಮತ್ತು ಆಂಟಿಬಾಡಿ ತಯಾರಿಸುವ ಕೋಶದ ಡಿಎನ್‌ಎ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಭ್ರೂಣದಲ್ಲಿ ದೂರದೂರ ಇದ್ದ ತುಂಡುಗಳು ಆಂಟಿಬಾಡಿ ಕೋಶದಲ್ಲಿ ಹತ್ತಿರ ಬಂದು ಕೂತಿದ್ದವು. ಕೋಶ ತನ್ನ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಿಕೊಂಡಿತ್ತು! ಮೈಯ ಎಲ್ಲ ಕೋಶಗಳಲ್ಲೂ ಡಿಎನ್‌ಎ ಒಂದೇ ಎಂದು ಪಾಠ ಮಾಡುತ್ತಿದ್ದ ಕಾಲವದು. 1987ರಲ್ಲಿ ಅವರಿಗೆ ನೊಬೆಲ್ ಬಂತು.

ಇದನ್ನು ಇಳಕಲ್ ಸೀರೆಯಂತೆ ಯೋಚಿಸಿ. ಒಡಲು, ದಡಿ, ಸೆರಗು ಮೂರೂ ಸೇರಿ ಒಂದು ಸೀರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆಂಟಿಬಾಡಿಯಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆಯ ಪ್ರೋಟೀನ್ ಸರಪಳಿಗಳಿವೆ. ದೊಡ್ಡದರ ತುದಿಯ ಜೀನ್ ಕೂಡ ಮೂರು ತುಂಡುಗಳದ್ದು. ಅವಕ್ಕೆ ವಿ, ಡಿ, ಜೆ ಎಂದು ಹೆಸರು. ಮನುಷ್ಯರಲ್ಲಿ ಕೆಲಸಕ್ಕೆ ಬರುವ ವಿ ತುಂಡುಗಳು ಸುಮಾರು 40, ಡಿ 23, ಜೆ 6. ಒಂದೊಂದು ಬಿ-ಕೋಶವೂ ಒಂದು ವಿ, ಒಂದು ಡಿ, ಒಂದು ಜೆ ಆರಿಸಿ ಜೋಡಿಸುತ್ತದೆ. 40 ಒಡಲು, 23 ದಡಿ, 6 ಸೆರಗು ಇದ್ದರೆ ಎಷ್ಟು ಬಗೆ ಸೀರೆಯಾಯಿತು? 5,520. ಆಂಟಿಬಾಡಿಯ ಸಣ್ಣ ಸರಪಳಿಗೆ ಸುಮಾರು 320 ಜೋಡಣೆ ಸಾಧ್ಯ. ಎರಡನ್ನೂ ಗುಣಿಸಿದರೆ 17 ಲಕ್ಷ ದಾಟುತ್ತದೆ.

ಆದರೆ ನಿಜವಾದ ವೈವಿಧ್ಯ ಇರುವುದು ಕೊಂಡಿಯಲ್ಲಿ. ನೇಕಾರರು ಕೊಂಡಿ ಹಾಕುವಾಗ ಒಂದು ಎಳೆಯೂ ತಪ್ಪಬಾರದು ಎಂದು ನೋಡುತ್ತಾರೆ. ಬಿ-ಕೋಶ ಅದಕ್ಕೆ ತದ್ವಿರುದ್ಧ. ಜೋಡಿಸುವ ಜಾಗದಲ್ಲಿ ಡಿಎನ್‌ಎ ಅಕ್ಷರಗಳನ್ನು ಬೇಕಾಬಿಟ್ಟಿ ಕಡಿಯುತ್ತದೆ, ಬೇಕಾಬಿಟ್ಟಿ ಸೇರಿಸುತ್ತದೆ. ಆಂಟಿಬಾಡಿ ರೋಗಾಣುವನ್ನು ಮುಟ್ಟುವುದು ಹೆಚ್ಚಾಗಿ ಈ ಕೊಂಡಿಯ ಭಾಗದಿಂದಲೇ. ಲಕ್ಷಗಳ ಲೆಕ್ಕ ಕೋಟಿಕೋಟಿಗಳಿಗೆ ಏರುವುದು ಇಲ್ಲಿ. ಟಿ-ಕೋಶಗಳ ಗ್ರಾಹಕಗಳೂ, ಅಂದರೆ ರೋಗಾಣುವಿನ ಗುರುತು ಹಿಡಿಯುವ ಪ್ರೋಟೀನ್‌ಗಳೂ, ಹೀಗೇ ತಯಾರಾಗುತ್ತವೆ.

ಒಂದು ಮಾತು ಗಮನಿಸಿ. ಯಾವ ರೋಗಾಣು ಬರಬಹುದು ಎಂದು ದೇಹಕ್ಕೆ ಗೊತ್ತಿಲ್ಲ. ಅದಕ್ಕೇ ಸುಮ್ನೆ ಎಲ್ಲ ಬಗೆಯನ್ನೂ ಮೊದಲೇ ಮಾಡಿಡುತ್ತದೆ. ರೋಗಾಣು ಬಂದಾಗ ಯಾವುದು ಹೊಂದುತ್ತದೋ ಆ ಕೋಶ ಮಾತ್ರ ಲಕ್ಷಗಟ್ಟಲೆಯಾಗಿ ಬೆಳೆಯುತ್ತದೆ. ಸೋಂಕು ಹೋದ ಮೇಲೂ ಅದರ ಸಂತತಿಯಲ್ಲಿ ಕೆಲವು ಉಳಿಯುತ್ತವೆ. ನೆನಪು ಅಂದದ್ದು ಇದನ್ನೇ.

ಕತ್ತರಿಸುವ ಪ್ರೋಟೀನ್ ಎಲ್ಲಿಯದು?

ಡಿಎನ್‌ಎ ಕತ್ತರಿಸುವುದು ಆಟವಲ್ಲ. ತಪ್ಪು ಜಾಗದಲ್ಲಿ ಕತ್ತರಿಸಿದರೆ ಕೋಶ ಸಾಯಬಹುದು, ಇಲ್ಲವೇ ಕ್ಯಾನ್ಸರ್ ಆಗಬಹುದು. ಇಂಥ ಕೆಲಸ ಮಾಡುವ ಪ್ರೋಟೀನ್ ಯಾವುದು? ಡೇವಿಡ್ ಶಾಟ್ಜ್, ಮಾರ್ಜೋರಿ ಓಟಿಂಗರ್, ಡೇವಿಡ್ ಬಾಲ್ಟಿಮೋರ್ ಅವರ ತಂಡ 1989-90ರಲ್ಲಿ ಎರಡು ಜೀನ್‌ಗಳನ್ನು ಹಿಡಿಯಿತು: ರ್‍ಯಾಗ್-1, ರ್‍ಯಾಗ್-2. ಆಂಟಿಬಾಡಿಗೂ ತನಗೂ ಸಂಬಂಧವೇ ಇಲ್ಲದ ಕೋಶಕ್ಕೆ ಇವೆರಡನ್ನೂ ಹಾಕಿದರೆ ಸಾಕು, ಅದೂ ತುಂಡುಗಳನ್ನು ಕತ್ತರಿಸಿ ಜೋಡಿಸಲು ಶುರು ಮಾಡುತ್ತಿತ್ತು.

ಈ ಜೀನ್‌ಗಳಲ್ಲಿ ಕೆಲವು ವಿಚಿತ್ರಗಳಿದ್ದವು. ಎರಡೂ ಜೀನೋಮ್‌ನಲ್ಲಿ ಅಕ್ಕಪಕ್ಕ ಕೂತಿವೆ. ನಮ್ಮ ಸಾಮಾನ್ಯ ಜೀನ್‌ಗಳ ಪ್ರೋಟೀನ್ ಬರಹ ನಡುನಡುವೆ ತುಂಡಾಗಿರುತ್ತದೆ, ಇವುಗಳದ್ದು ಮನುಷ್ಯರಲ್ಲಿ ಒಂದೇ ಸಲಕ್ಕೆ ಓದುವಂತಿದೆ. ಇವು ಕತ್ತರಿಸುವ ಜಾಗಕ್ಕೂ ಒಂದು ಗುರುತಿದೆ: 7 ಅಕ್ಷರ, ನಡುವೆ 12 ಅಥವಾ 23 ಅಕ್ಷರಗಳ ಅಂತರ, ಆಮೇಲೆ 9 ಅಕ್ಷರ. 12ರ ಅಂತರದ ಗುರುತು 23ರ ಅಂತರದ ಗುರುತಿನ ಜೊತೆ ಮಾತ್ರ ಕೂಡುತ್ತದೆ. ಮೂರು ತುಂಡುಗಳು ಸರಿಯಾದ ಕ್ರಮದಲ್ಲೇ ಸೇರುವುದು ಈ ನಿಯಮದಿಂದ.

ಕೋಶವಿಜ್ಞಾನಿಗಳಿಗೆ ಈ ವಿನ್ಯಾಸ ಎಲ್ಲೋ ನೋಡಿದಂತೆ ಅನ್ನಿಸಿತು. ಜಿಗಿಯುವ ಜೀನ್‌ಗಳು ಹೀಗೇ ಇರುತ್ತವೆ!

ಜಿಗಿಯುವ ಜೀನ್ ಅಂದರೆ ಒಂದು ಜಾಗದಿಂದ ತನ್ನನ್ನು ತಾನೇ ಕತ್ತರಿಸಿಕೊಂಡು ಇನ್ನೊಂದು ಜಾಗಕ್ಕೆ ಹೋಗಿ ಸೇರಿಕೊಳ್ಳುವ ಡಿಎನ್‌ಎ ತುಂಡು. ಬಾರ್ಬರಾ ಮೆಕ್ಲಿಂಟಾಕ್ ಮುಸುಕಿನ ಜೋಳದ ಕಾಳುಗಳ ಬಣ್ಣ ನೋಡುತ್ತಾ ಇವನ್ನು 1940ರ ದಶಕದಲ್ಲಿ ಕಂಡುಹಿಡಿದರು. ಬಹಳ ಕಾಲ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ನೊಬೆಲ್ ಬಂದದ್ದು 1983ರಲ್ಲಿ. ಇಂಥ ತುಂಡಿನ ಎರಡು ತುದಿಗಳಲ್ಲಿ ಗುರುತಿನ ಅಕ್ಷರಗಳಿರುತ್ತವೆ, ನಡುವೆ ಆ ಗುರುತನ್ನು ಹಿಡಿದು ಕತ್ತರಿಸುವ ಪ್ರೋಟೀನಿನ ಜೀನ್ ಇರುತ್ತದೆ. ಅದಕ್ಕೆ ಬೇಕಾದದ್ದು ತನ್ನ ಪ್ರತಿ ಹೆಚ್ಚುವುದು ಅಷ್ಟೇ. ಆಶ್ರಯ ಕೊಟ್ಟ ಪ್ರಾಣಿಗೆ ಅದರಿಂದ ಲಾಭವೇನೂ ಇಲ್ಲ.

1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಫಲಿತಾಂಶ ಕಂಡವು. ಪ್ರಯೋಗನಳಿಕೆಯಲ್ಲಿ ರ್‍ಯಾಗ್ ಪ್ರೋಟೀನ್‌ಗಳು ತುಂಡನ್ನು ಕತ್ತರಿಸುವುದಷ್ಟೇ ಅಲ್ಲ, ಅದನ್ನು ಬೇರೆ ಡಿಎನ್‌ಎಯೊಳಗೆ ತೂರಿಸಲೂ ಬಲ್ಲವು. ಹಳೆಯ ಬುದ್ಧಿ ಇನ್ನೂ ಹೋಗಿರಲಿಲ್ಲ.

ಹಾಗಾದರೆ ಆಗಿದ್ದೇನು? ಈಗ ಹೆಚ್ಚಿನವರು ಒಪ್ಪುವ ವಿವರಣೆ ಇದು. ಸುಮಾರು 50 ಕೋಟಿ ವರ್ಷ ಹಿಂದೆ, ದವಡೆ ಇರುವ ಮೀನುಗಳ ಪೂರ್ವಜನಲ್ಲಿ ಒಂದು ಜಿಗಿಯುವ ಜೀನ್, ಕೋಶದ ಮೇಲ್ಮೈಯ ಗ್ರಾಹಕವೊಂದರ ಜೀನಿನ ಮಧ್ಯಕ್ಕೆ ಹೋಗಿ ಕೂತಿತು. ಗ್ರಾಹಕದ ಜೀನ್ ಎರಡು ತುಂಡಾಯಿತು. ಅದು ಮತ್ತೆ ಕೆಲಸ ಮಾಡಬೇಕಾದರೆ ನಡುವೆ ಕೂತದ್ದನ್ನು ಕತ್ತರಿಸಿ ತೆಗೆದು, ತುದಿಗಳನ್ನು ಜೋಡಿಸಬೇಕು. ಜೋಡಣೆ ಪ್ರತಿ ಸಲ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತು. ಹಾಗಾಗಿ ಒಂದೇ ಜೀನಿನಿಂದ ಕೋಶಕ್ಕೊಂದು ಬಗೆಯ ಗ್ರಾಹಕ ಬರತೊಡಗಿತು. ಮುಂದೆ ಕತ್ತರಿಸುವ ಪ್ರೋಟೀನಿನ ಜೀನ್ ತನ್ನ ತುದಿಗಳಿಂದ ಬೇರೆಯಾಯಿತು. ಗುರುತುಗಳು ಗ್ರಾಹಕದ ಜೀನಿನಲ್ಲೇ ಉಳಿದವು, ರ್‍ಯಾಗ್ ಬೇರೆ ಕಡೆ ನೆಲೆಸಿತು. ಇನ್ನು ಅದು ಜಿಗಿಯಲಾರದು.

ಮರಳಿನಲ್ಲಿ ಸಿಕ್ಕ ಸಾಕ್ಷಿ

ಇದೆಲ್ಲ ಒಳ್ಳೆಯ ಊಹೆ, ಸಾಕ್ಷಿ ಎಲ್ಲಿ ಎಂದು ಕೇಳುವವರಿದ್ದರು. ನ್ಯಾಯವಾದ ಪ್ರಶ್ನೆಯೇ.

ಲ್ಯಾನ್ಸ್‌ಲೆಟ್ ಎಂಬ ಒಂದು ಕಡಲಜೀವಿ ಇದೆ. ಬೆರಳುದ್ದ, ಸಪೂರ, ಮರಳಿನಲ್ಲಿ ಹುದುಗಿರುತ್ತದೆ. ಬೆನ್ನೆಲುಬಿಲ್ಲ, ಅದರ ಜಾಗದಲ್ಲಿ ಮೆತ್ತನೆಯ ಒಂದು ದಂಡವಿದೆ. ನಮ್ಮ ದೂರದ ಸಂಬಂಧಿ. 2016ರಲ್ಲಿ ಚೀನಾದ ಒಂದು ತಂಡ ಶಾಟ್ಜ್ ಅವರ ಜೊತೆ ಸೇರಿ ಇದರ ಜೀನೋಮ್‌ನಲ್ಲಿ ಇಡೀ ಜಿಗಿಯುವ ಜೀನನ್ನೇ ಹಿಡಿಯಿತು. ರ್‍ಯಾಗ್-1 ಮತ್ತು ರ್‍ಯಾಗ್-2ರಂಥ ಎರಡು ಜೀನ್‌ಗಳು ಅಕ್ಕಪಕ್ಕ, ಎರಡೂ ತುದಿಯಲ್ಲಿ ನಮ್ಮ ಗುರುತುಗಳನ್ನು ಹೋಲುವ ಅಕ್ಷರಗಳು. ಅದು ಇನ್ನೂ ಕತ್ತರಿಸುತ್ತದೆ, ಇನ್ನೂ ಜಿಗಿಯಬಲ್ಲದು. ಲ್ಯಾನ್ಸ್‌ಲೆಟ್‌ಗೆ ಆಂಟಿಬಾಡಿ ಇಲ್ಲ. ಅಲ್ಲಿ ಆ ಜೀನ್ ತನ್ನ ಪಾಡಿಗೆ ತಾನಿದೆ.

2019ರಲ್ಲಿ ಶಾಟ್ಜ್ ಅವರ ತಂಡ ಪಳಗಿಸುವಿಕೆಯ ಹೆಜ್ಜೆಗಳನ್ನೂ ತೋರಿಸಿತು. ನಮ್ಮ ರ್‍ಯಾಗ್-1ರಲ್ಲಿ ಒಂದು ಅಮೈನೊ ಆಮ್ಲ ಬದಲಾಗಿದೆ, ರ್‍ಯಾಗ್-2ರಲ್ಲಿ ಒಂದು ಆಮ್ಲೀಯ ಭಾಗ ಹೊಸದಾಗಿ ಸೇರಿದೆ. ಮುಖ್ಯವಾಗಿ ಈ ಎರಡರಿಂದ ಕತ್ತರಿಸುವ ಗುಣ ಉಳಿದು, ಜಿಗಿಯುವ ಗುಣ ಅಡಗಿದೆ.

ದವಡೆ ಇರುವ ಪ್ರಾಣಿಗಳಲ್ಲಿ ಶಾರ್ಕ್, ತೊರಕೆಗಳ ಕವಲು ಬಹಳ ಬೇಗ ಬೇರೆಯಾಯಿತು. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಇಳಿಸುವ ತೊರಕೆಯ ಮೈಯಲ್ಲೂ ರ್‍ಯಾಗ್ ಇದೆ, ಆಂಟಿಬಾಡಿ ಇದೆ, ಟಿ-ಕೋಶ ಇದೆ, ಅವು ಬೆಳೆಯುವ ಥೈಮಸ್ ಎಂಬ ಅಂಗ ಇದೆ, ಗುಲ್ಮ ಇದೆ. ಅದಕ್ಕೆ ಮೂಳೆ ಇಲ್ಲ, ಹಾಗಾಗಿ ಮೂಳೆಮಜ್ಜೆ ಮಾತ್ರ ಇಲ್ಲ. ಉಳಿದಂತೆ ನಮ್ಮ ವ್ಯವಸ್ಥೆಯ ಮುಖ್ಯ ಭಾಗಗಳೆಲ್ಲ ಅಷ್ಟು ಹಿಂದೆಯೇ ಸಿದ್ಧವಾಗಿದ್ದವು.

ದವಡೆಯಿಲ್ಲದ ಮೀನು ಹಿಡಿದ ಬೇರೆ ದಾರಿ

ಈ ಇಡೀ ವಿಷಯದಲ್ಲಿ ನನಗೆ ಅತಿ ಸೋಜಿಗದ್ದು ಲ್ಯಾಂಪ್ರೆ. ಹಾವಿನಂತೆ ಉದ್ದ, ದವಡೆ ಇಲ್ಲ, ದುಂಡು ಬಾಯಿಯ ತುಂಬ ಹಲ್ಲು. ಹಲವು ಜಾತಿಗಳು ಬೇರೆ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಅದಕ್ಕೆ ರ್‍ಯಾಗ್ ಇಲ್ಲ, ನಮ್ಮಂಥ ಆಂಟಿಬಾಡಿಯೂ ಇಲ್ಲ. ಆದರೆ ಬೇರೆ ಲ್ಯಾಂಪ್ರೆಯ ಚರ್ಮ ಕಸಿ ಮಾಡಿದರೆ ತಿರಸ್ಕರಿಸುತ್ತದೆ, ರೋಗಾಣು ಚುಚ್ಚಿದರೆ ಅದಕ್ಕೆ ಅಂಟುವ ಏನೋ ಒಂದು ರಕ್ತದಲ್ಲಿ ಬರುತ್ತದೆ. ಸುಮಾರು ನಾಲ್ಕು ದಶಕ ಅದೇನೆಂದು ಹೊಳೆಯಲಿಲ್ಲ. ಹುಡುಕುತ್ತಿದ್ದವರೆಲ್ಲ ನಮ್ಮ ಆಂಟಿಬಾಡಿಯನ್ನೇ ಹೋಲುವುದನ್ನು ಹುಡುಕುತ್ತಿದ್ದರು.

2004ರಲ್ಲಿ ಜೀವ್ ಪ್ಯಾನ್ಸರ್ ಮತ್ತು ಮ್ಯಾಕ್ಸ್ ಕೂಪರ್ ಅವರ ತಂಡ ಅದನ್ನು ಕಂಡುಹಿಡಿಯಿತು. ಲ್ಯಾಂಪ್ರೆಯ ಗ್ರಾಹಕಗಳು ಬೇರೆಯೇ ವಸ್ತುವಿನಿಂದ ಆದವು. ಲ್ಯೂಸಿನ್ ಎಂಬ ಅಮೈನೊ ಆಮ್ಲ ಮರುಕಳಿಸುವ ತುಂಡುಗಳು. ಹಣ್ಣುನೊಣದ ಟೋಲ್ ಕೂಡ ಇಂಥ ತುಂಡುಗಳಿಂದಲೇ ಆಗಿದೆ! ಲ್ಯಾಂಪ್ರೆಯಲ್ಲಿ ಮೊದಲಿಗೆ ಒಂದು ಅರ್ಧಂಬರ್ಧ ಜೀನ್ ಇರುತ್ತದೆ. ಪಕ್ಕದಲ್ಲಿ ನೂರಾರು ಬಿಡಿ ತುಂಡುಗಳಿರುತ್ತವೆ. ಒಂದೊಂದು ಕೋಶವೂ ತುಂಡುಗಳನ್ನು ಆರಿಸಿ ನಕಲು ಮಾಡಿ ಜೀನನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಹೀಗೆ ಆಗಬಹುದಾದ ಗ್ರಾಹಕಗಳ ಲೆಕ್ಕ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು.

ಅಂದ್ರೆ ಬೇಕಾಬಿಟ್ಟಿ ಜೋಡಿಸಿ, ಹೊಂದಿದ್ದನ್ನು ಬೆಳೆಸುವ ಉಪಾಯ ಭೂಮಿಯ ಮೇಲೆ ಎರಡು ಸಲ ಬೇರೆಬೇರೆಯಾಗಿ ಬಂದಿದೆ.

ಕೋಶಗಳ ಕಥೆ ಮಾತ್ರ ಬೇರೆ. ಲ್ಯಾಂಪ್ರೆಯಲ್ಲೂ ಎರಡು ಗುಂಪುಗಳಿವೆ. ಒಂದು ನಮ್ಮ ಬಿ-ಕೋಶದಂತೆ ಗ್ರಾಹಕವನ್ನು ರಕ್ತಕ್ಕೆ ಬಿಡುತ್ತದೆ, ಇನ್ನೊಂದು ಟಿ-ಕೋಶವನ್ನು ಹೋಲುತ್ತದೆ. ಆ ಟಿ ಬಗೆಯವು ಬೆಳೆಯುವುದು ಕಿವಿರುಗಳ ತುದಿಯಲ್ಲಿ, ಇದನ್ನು 2011ರಲ್ಲಿ ಜರ್ಮನಿಯ ಥಾಮಸ್ ಬೋಹ್ಮ್ ಅವರ ತಂಡ ತೋರಿಸಿತು. ನಮ್ಮ ಟಿ-ಕೋಶಗಳು ಬೆಳೆಯುವುದು ಎದೆಯ ಥೈಮಸ್ಸಿನಲ್ಲಿ. ಭ್ರೂಣದಲ್ಲಿ ಥೈಮಸ್ ಮೂಡುವುದು ಎಲ್ಲಿಂದ ಗೊತ್ತಾ? ಮೀನುಗಳಲ್ಲಿ ಕಿವಿರಾಗುವ ಗಂಟಲಿನ ಆ ಮಡಿಕೆಗಳಿಂದಲೇ. ಹಾಗಾಗಿ ಎರಡು ಗುಂಪಿನ ಕೋಶಗಳು ಮೊದಲು ಬಂದವು, ಅವುಗಳ ಕೈಗೆ ಗ್ರಾಹಕಗಳು ಆಮೇಲೆ ಬಂದವು ಎಂದು ಹೇಳಬಹುದು.

ದವಡೆ ಬಂದ ಮೇಲೆ ಬೇಟೆ ಜಾಸ್ತಿಯಾಯಿತು, ಮುಳ್ಳುಮೂಳೆ ನುಂಗಿ ಗಾಯವಾಗುವುದೂ ಜಾಸ್ತಿಯಾಯಿತು, ಅದಕ್ಕೇ ಈ ರಕ್ಷಣೆ ಬೆಳೆಯಿತು ಎಂಬ ಒಂದು ವಾದವಿದೆ. ಲ್ಯಾಂಪ್ರೆಯನ್ನು ನೋಡಿದ ಮೇಲೆ ಈ ವಾದ ಸ್ವಲ್ಪ ಸಡಿಲವೆನಿಸುತ್ತದೆ. ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಕೆಟ್ಟವನ್ನು ಮಾತ್ರ ಹೊರಗಿಡಲು ಇದು ಬೇಕಾಯಿತು ಎನ್ನುವವರೂ ಇದ್ದಾರೆ.

ಬೇಕಾಬಿಟ್ಟಿ ಜೋಡಣೆಯ ಬೆಲೆ

ಈಗ ನೊಬೆಲ್ ಎಬ್ಬಿಸಿದ ಪ್ರಶ್ನೆಗೆ ಉತ್ತರ ತಾನಾಗಿಯೇ ಬರುತ್ತದೆ. ಗ್ರಾಹಕಗಳನ್ನು ನೋಡದೆ ಮಾಡಿದರೆ ಕೆಲವು ನಮ್ಮ ಮೈಗೇ ಅಂಟುವಂತೆ ಆಗಿಯೇ ಆಗುತ್ತವೆ. ಹುಟ್ಟುರಕ್ಷಣೆಗೆ ಈ ತೊಂದರೆ ಕಡಿಮೆ, ಅದರ ಗ್ರಾಹಕಗಳನ್ನು ಕೋಟ್ಯಂತರ ವರ್ಷಗಳ ಆಯ್ಕೆ ತಿದ್ದಿದೆ. ಟಿ-ಕೋಶದ ಗ್ರಾಹಕ ಹುಟ್ಟುವುದೇ ಹೊಸದಾಗಿ.

ಅದಕ್ಕೆ ಥೈಮಸ್ಸಿನಲ್ಲಿ ಜರಡಿ ಹಿಡಿಯುವುದು ನಡೆಯುತ್ತದೆ. ಅಲ್ಲಿ ಬೆಳೆಯುವ ಟಿ-ಕೋಶಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹೊರಗೇ ಬರುವುದಿಲ್ಲ. ಕೆಲವು ಏನನ್ನೂ ಗುರುತಿಸಲಾರವು, ಕೆಲವು ನಮ್ಮನ್ನೇ ಗುರುತಿಸುತ್ತವೆ. ಎರಡೂ ಸಾಯುತ್ತವೆ. ಆದರೂ ಒಂದಿಷ್ಟು ತಪ್ಪಿಸಿಕೊಂಡು ಬರುತ್ತವೆ. ಅವನ್ನು ಹೊರಗೆ ಹಿಡಿದಿಡುವುದು ಸಕಾಗುಚಿ 1995ರಲ್ಲಿ ಗುರುತಿಸಿದ ನಿಯಂತ್ರಕ ಟಿ-ಕೋಶಗಳು. ಈ ಕೋಶಗಳಿಗೆ ಬೇಕಾದ ಫಾಕ್ಸ್‌ಪಿ-3 ಎಂಬ ಜೀನನ್ನು ಬ್ರಂಕೊ ಮತ್ತು ರಾಮ್ಸ್‌ಡೆಲ್ ಕಂಡುಹಿಡಿದರು. ಅದು ಕೆಟ್ಟರೆ ಹುಟ್ಟಿದ ಸ್ವಲ್ಪ ಕಾಲದಲ್ಲೇ ಮಗುವಿನ ಕರುಳು, ಚರ್ಮ, ಮೇದೋಜೀರಕ ಗ್ರಂಥಿಯ ಮೇಲೆ ಸ್ವಂತ ಕೋಶಗಳೇ ದಾಳಿ ಮಾಡುತ್ತವೆ.

ಕತ್ತರಿಸುವ ರ್‍ಯಾಗ್ ಕೂಡ ಆಗಾಗ ಎಡವುತ್ತದೆ. ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ ಅದರ ತಪ್ಪು ಕಡಿತದ ಗುರುತು ಸಿಗುತ್ತದೆ.

ಬಿಟ್ಟುಕೊಟ್ಟು ಬದುಕಿದವರು

ಇಷ್ಟು ಪಾಡುಪಟ್ಟು ಬಂದ ವ್ಯವಸ್ಥೆಯನ್ನು ಬಿಟ್ಟವರೂ ಇದ್ದಾರೆ. ಅಟ್ಲಾಂಟಿಕ್ ಕಾಡ್ ಮೀನಿನ ಜೀನೋಮ್ 2011ರಲ್ಲಿ ಬಂದಾಗ ಎಲ್ಲರೂ ಬೆರಗಾದರು. ಸೂಚನೆ ಕೊಡುವ ಟಿ-ಕೋಶಗಳು ಕೆಲಸ ಮಾಡಲು ಬೇಕಾದ ಜೀನ್‌ಗಳೇ ಅದರಲ್ಲಿಲ್ಲ. ನಮ್ಮಲ್ಲಿ ಎಚ್‌ಐವಿ ಹೊಡೆಯುವುದು ಇದೇ ಕೋಶಗಳನ್ನು. ಕಾಡ್ ಮಾತ್ರ ಕಡಲಲ್ಲಿ ಆರಾಮಾಗಿದೆ, ಅದರಲ್ಲಿ ಟೋಲ್ ಬಗೆಯ ಜೀನ್‌ಗಳೂ ಇನ್ನು ಕೆಲವೂ ಹೆಚ್ಚಿಕೊಂಡಿವೆ.

ಆಳಸಮುದ್ರದ ಆಂಗ್ಲರ್ ಮೀನುಗಳು ಇನ್ನೂ ಮುಂದೆ ಹೋಗಿವೆ. ಅಲ್ಲಿಯ ಕತ್ತಲಲ್ಲಿ ಜೋಡಿ ಸಿಗುವುದು ಕಷ್ಟ. ಹಾಗಾಗಿ ಕೆಲವು ಜಾತಿಗಳಲ್ಲಿ ಪುಟ್ಟ ಗಂಡು ದೊಡ್ಡ ಹೆಣ್ಣಿಗೆ ಕಚ್ಚಿಕೊಂಡರೆ ಮುಗಿಯಿತು, ಎರಡರ ಚರ್ಮ ಸೇರಿ, ರಕ್ತನಾಳ ಸೇರಿ, ಒಂದೇ ಮೈಯಾಗುತ್ತದೆ. ನಮ್ಮಲ್ಲಿ ಇನ್ನೊಬ್ಬರ ಕಿಡ್ನಿ ಹಾಕಿಸಿಕೊಂಡವರು ಜೀವನಪೂರ್ತಿ ಮಾತ್ರೆ ತಿನ್ನಬೇಕು. ಆಂಗ್ಲರ್ ಹೆಣ್ಣಿಗೆ ಯಾಕೆ ತಿರಸ್ಕಾರವಾಗುವುದಿಲ್ಲ? ಬೋಹ್ಮ್ ಮತ್ತು ಮೀನುತಜ್ಞ ಥಿಯೋಡರ್ ಪೀಚ್ ಅವರ ತಂಡ 2020ರಲ್ಲಿ ಉತ್ತರ ಕೊಟ್ಟಿತು. ತಾತ್ಕಾಲಿಕವಾಗಿ ಅಂಟುವ ಜಾತಿಗಳಲ್ಲಿ ಆಂಟಿಬಾಡಿಯನ್ನು ಹದಗೊಳಿಸುವ ಜೀನ್ ಹೋಗಿದೆ. ಹಲವು ಗಂಡುಗಳು ಶಾಶ್ವತವಾಗಿ ಬೆಸೆದುಕೊಳ್ಳುವ ಕೆಲವು ಜಾತಿಗಳಲ್ಲಿ ರ್‍ಯಾಗ್ ಜೀನ್‌ಗಳೇ ಕೆಲಸ ಮಾಡುವುದಿಲ್ಲ.

ರ್‍ಯಾಗ್ ಪೂರ್ತಿ ಕೆಟ್ಟು ಹುಟ್ಟುವ ಮನುಷ್ಯರ ಮಗುವಿಗೆ ಬಿ-ಕೋಶವೂ ಇರುವುದಿಲ್ಲ, ಟಿ-ಕೋಶವೂ ಇರುವುದಿಲ್ಲ. ಮೂಳೆಮಜ್ಜೆ ಕಸಿ ಆಗದಿದ್ದರೆ ಸಾಮಾನ್ಯ ಸೋಂಕೂ ಅದರ ಜೀವ ತೆಗೆಯಬಲ್ಲದು. ಆಂಗ್ಲರ್ ಮೀನು ಅದೇ ಕೊರತೆ ಇಟ್ಟುಕೊಂಡು ರೋಗಾಣು ತುಂಬಿದ ಕಡಲಲ್ಲಿ ಮರಿ ಮಾಡುತ್ತಿದೆ. ಅದರ ಹುಟ್ಟುರಕ್ಷಣೆಯಲ್ಲಿ ಏನೇನು ಬದಲಾಗಿದೆ ಎಂದು ಹುಡುಕುವವರಿಗೆ ಆ ಮಕ್ಕಳ ನೆನಪೂ ಇದೆ.